ಒಂದು ಹಗಲು, ನಾಲ್ಕು ದೇಶಗಳು

ಚಲನಚಿತ್ರೋತ್ಸವ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಬರುವುದು ಕೆಂಪು ಹಾಸು, ಕ್ಯಾಮೆರಾಗಳ ಮಿಂಚು, ಬೆಲೆಬಾಳುವ ಉಡುಪು ತೊಟ್ಟ ತಾರೆಯರು. ಇವೆಲ್ಲ ನಮ್ಮಂಥವರಿಗೆ ಸೇರಿದ್ದಲ್ಲವೆಂದು ಪತ್ರಿಕೆಯ ಆ ಪುಟವನ್ನು ಮಗುಚಿಬಿಡುತ್ತೇವೆ. ಆದರೆ ಉತ್ಸವದ ನಿಜವಾದ ಕೆಲಸ ನಡೆಯುವುದು ಒಳಗೆ, ದೀಪ ಆರಿದ ಮೇಲೆ. ಅಲ್ಲಿ ತಾರೆಯರಿರುವುದಿಲ್ಲ. ನಮ್ಮ ನಿಮ್ಮಂಥ ನೂರಾರು ಜನ ಕತ್ತಲೆಯಲ್ಲಿ ಅಕ್ಕಪಕ್ಕ ಕುಳಿತು, ತಾವೆಂದೂ ಕಾಣದ ಊರಿನ, ತಾವೆಂದೂ ಕೇಳದ ಭಾಷೆಯ ಒಬ್ಬ ಮನುಷ್ಯನ ಮುಖವನ್ನು ಎರಡು ಗಂಟೆಗಳ ಕಾಲ ನೋಡುತ್ತಿರುತ್ತಾರೆ. ಬಂಧುಬಳಗದವರ ಮುಖವನ್ನು ನಾವು ಒಂದೇ ಸಮನೆ ಎರಡು ಗಂಟೆ ನೋಡಿದ್ದುಂಟೇ? ಹೀಗೆ ಒಂದು ಇಡೀ ದಿನ ನೋಡುತ್ತ ಕುಳಿತ ಅನುಭವವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಉತ್ಸವಗಳಿಗೂ ನಮ್ಮ ನಾಡಿಗೂ ಇರುವ ನಂಟು ಹಳೆಯದು. ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 1952ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಅನಂತರ ಮದರಾಸು, ದೆಹಲಿ, ಕಲ್ಕತ್ತಗಳಿಗೂ ಸಾಗಿತು. ಯುದ್ಧದಿಂದ ಜರ್ಜರಿತವಾಗಿದ್ದ ಇಟಲಿಯ ಚಿತ್ರಗಳನ್ನು ನಮ್ಮವರು ಅಲ್ಲಿ ಕಂಡು ಬೆರಗಾದರು. ಬಡವರ ಕಥೆಯನ್ನು ಅಲಂಕಾರವಿಲ್ಲದೆ ಬೀದಿಯಲ್ಲೇ ಚಿತ್ರೀಕರಿಸಬಹುದೆಂಬ ಧೈರ್ಯ ಅವುಗಳಿಂದ ಬಂತು. ಮರುವರ್ಷ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' ತೆರೆಕಂಡಿತು. ಅಂಥದೇ ಒಂದು ಇಟಾಲಿಯನ್ ಚಿತ್ರವನ್ನು 1950ರಲ್ಲೇ ಲಂಡನ್ನಿನಲ್ಲಿ ನೋಡಿ ಬಂದಿದ್ದ ಸತ್ಯಜಿತ್ ರಾಯ್ 1955ರಲ್ಲಿ 'ಪಥೇರ್ ಪಾಂಚಾಲಿ'ಯನ್ನು ಕೊಟ್ಟರು. ನಮ್ಮ ಬೆಂಗಳೂರು 1980ರಲ್ಲಿ 'ಫಿಲ್ಮೋತ್ಸವ'ಕ್ಕೂ 1992ರಲ್ಲಿ ಭಾರತದ ಅಂತರರಾಷ್ಟ್ರೀಯ ಉತ್ಸವಕ್ಕೂ ಆತಿಥ್ಯ ನೀಡಿತು. 2006ರಿಂದ ಬೆಂಗಳೂರಿಗೆ ತನ್ನದೇ ಅಂತರರಾಷ್ಟ್ರೀಯ ಚಿತ್ರೋತ್ಸವವೂ ಇದೆ. ಈ ದೊಡ್ಡ ಉತ್ಸವಗಳ ನೆರಳಿನಲ್ಲಿ ಜಿಲ್ಲಾ ಕೇಂದ್ರಗಳಲ್ಲಿ, ಕಾಲೇಜುಗಳಲ್ಲಿ, ಚಿತ್ರಸಮಾಜಗಳ ಸಣ್ಣ ಸಭಾಂಗಣಗಳಲ್ಲಿ ಒಂದು ದಿನದ, ಎರಡು ದಿನದ ಪುಟ್ಟ ಉತ್ಸವಗಳು ಸದ್ದಿಲ್ಲದೆ ನಡೆಯುತ್ತವೆ.

ನಾನು ಹೋದದ್ದು ಮೈಸೂರಿನಲ್ಲಿ ಚಿತ್ರಾಸಕ್ತರ ಬಳಗವೊಂದು ಏರ್ಪಡಿಸಿದ್ದ ಅಂಥ ಒಂದು ದಿನದ ವಿಶ್ವಸಿನಿಮಾ ಉತ್ಸವಕ್ಕೆ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಬಿಗಿದ ಬಿಳಿಯ ಪರದೆ, ಹೊರಗೆ ಮೇಜಿನ ಮೇಲೆ ಉಪ್ಪಿಟ್ಟು ಮತ್ತು ಚಹಾ. ಇರಾನ್, ಇಟಲಿ, ಜಪಾನ್ ಮತ್ತು ಬೆಲ್ಜಿಯಂ ದೇಶಗಳ ನಾಲ್ಕು ಚಿತ್ರಗಳು. ಎಲ್ಲವನ್ನೂ ಸೇರಿಸಿದರೆ ಏಳು ಗಂಟೆಗೆ ತುಸು ಕಡಿಮೆ. ನಾಲ್ಕಕ್ಕೂ ಇಂಗ್ಲಿಷ್ ಸಬ್‌ಟೈಟಲ್. ಸಬ್‌ಟೈಟಲ್ ಓದಿಕೊಂಡು ಸಿನಿಮಾ ನೋಡುವುದು ಮೊದಮೊದಲು ಕಷ್ಟವೆನಿಸುತ್ತದೆ. ಕಣ್ಣು ಅಕ್ಷರದ ಕಡೆಗೊಮ್ಮೆ, ಮುಖದ ಕಡೆಗೊಮ್ಮೆ ಓಡುತ್ತದೆ. ಆದರೆ ಕಾಲು ಗಂಟೆ ಕಳೆಯುವಷ್ಟರಲ್ಲಿ ಆ ಓಡಾಟವೇ ಮರೆತುಹೋಗುತ್ತದೆ. ಭಾಷೆ ತಿಳಿಯದಾಗ ದನಿಯ ಏರಿಳಿತ, ಕೈಯ ಚಲನೆ, ಮೌನದ ಉದ್ದ ಇವೆಲ್ಲ ಹೆಚ್ಚು ಸ್ಪಷ್ಟವಾಗಿ ಕೇಳಿಸತೊಡಗುತ್ತವೆ.

ಬೆಳಗಿನ ಮೊದಲ ಚಿತ್ರ ಅಬ್ಬಾಸ್ ಕಿಯಾರೊಸ್ತಮಿ ಅವರ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್'. 1987ರಲ್ಲಿ ತಯಾರಾದ ಈ ಚಿತ್ರದ ಕಥೆಯನ್ನು ಎರಡೇ ಸಾಲಿನಲ್ಲಿ ಹೇಳಬಹುದು. ಉತ್ತರ ಇರಾನಿನ ಕೊಕೆರ್ ಎಂಬ ಹಳ್ಳಿಯ ಶಾಲಾ ಬಾಲಕ ಅಹ್ಮದ್ ತನ್ನ ಗೆಳೆಯನ ನೋಟುಪುಸ್ತಕವನ್ನು ಅರಿಯದೆ ಮನೆಗೆ ತಂದುಬಿಟ್ಟಿದ್ದಾನೆ. ಎರಡರ ರಟ್ಟೂ ಒಂದೇ ಬಗೆಯದು. ಮನೆಲೆಕ್ಕವನ್ನು ಇನ್ನೊಮ್ಮೆ ಪುಸ್ತಕದಲ್ಲಿ ಬರೆಯದೆ ಬಂದರೆ ಶಾಲೆಯಿಂದ ಹೊರಹಾಕುವುದಾಗಿ ಮೇಷ್ಟ್ರು ಆ ಗೆಳೆಯನಿಗೆ ಅಂದೇ ಬೆದರಿಸಿದ್ದಾರೆ. ಪುಸ್ತಕವನ್ನು ಸಂಜೆಯೊಳಗೆ ತಲುಪಿಸಲೇಬೇಕು. ಗೆಳೆಯನ ಊರು ಗುಡ್ಡದಾಚೆಯ ಪೋಷ್ತೆ. ಮನೆ ಯಾವುದೆಂದು ಗೊತ್ತಿಲ್ಲ.

ಇಷ್ಟನ್ನು ಹುಡುಗ ತನ್ನ ತಾಯಿಗೆ ಎಷ್ಟು ಸಲ ಹೇಳಿದರೂ ಅವಳಿಗೆ ಕೇಳಿಸುವುದೇ ಇಲ್ಲ. ಬಟ್ಟೆ ಒಗೆಯಬೇಕು, ಕೈಗೂಸನ್ನು ನೋಡಿಕೊಳ್ಳಬೇಕು. ಲೆಕ್ಕ ಬರೆ, ರೊಟ್ಟಿ ತಾ ಎಂಬುದೇ ಅವಳ ಮಾತು. ಜಗಲಿಯಲ್ಲಿ ಕುಳಿತ ಅಜ್ಜ ಹುಡುಗನನ್ನು ತಡೆದು ಸಿಗರೇಟು ತರಲು ಕಳಿಸುತ್ತಾನೆ. ಸಿಗರೇಟು ಅವನ ಬಳಿ ಇದೆ. ಮಕ್ಕಳಿಗೆ ವಿಧೇಯತೆ ಕಲಿಸುವ ಅವನ ಬಗೆ ಇದು. ತನ್ನ ತಂದೆ ವಾರಕ್ಕೊಮ್ಮೆ ಕಾಸು ಕೊಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತಿದ್ದ, ಕಾಸು ಕೊಡುವುದನ್ನು ಕೆಲವೊಮ್ಮೆ ಮರೆತರೂ ಹೊಡೆಯುವುದನ್ನು ಮರೆಯುತ್ತಿರಲಿಲ್ಲ ಎಂದು ಅವನು ಪಕ್ಕದವನಿಗೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಸಭಾಂಗಣದಲ್ಲಿ ನಗು ಎದ್ದಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಂಥ ಅಜ್ಜಂದಿರು ನಮ್ಮ ಮನೆಗಳಲ್ಲೂ ಇದ್ದರಲ್ಲವೇ?

ಅಂಕುಡೊಂಕು ದಾರಿಯಲ್ಲಿ ಗುಡ್ಡ ಹತ್ತಿ ಇಳಿದು ಹುಡುಗ ಓಡುತ್ತಾನೆ. ಗುಡ್ಡದ ನೆತ್ತಿಯಲ್ಲಿ ಒಂಟಿ ಮರ. ಕತ್ತಲಾದ ಮೇಲೆ ಅವನಿಗೆ ಜೊತೆಯಾಗುವವನು ಒಬ್ಬ ಮುದುಕ. ಆ ಊರಿನ ಮನೆಗಳಿಗೆ ಮರದ ಬಾಗಿಲು ಕಿಟಕಿ ಮಾಡಿಕೊಟ್ಟವನು. ಈಗ ಜನ ಅವನ್ನು ಕಿತ್ತು ಕಬ್ಬಿಣದ ಬಾಗಿಲು ಹಾಕಿಸಿಕೊಳ್ಳುತ್ತಿದ್ದಾರೆ. ಮುದುಕನ ಹೆಜ್ಜೆ ನಿಧಾನ, ಹುಡುಗನಿಗೆ ಆತುರ. ಆದರೂ ಆ ಹುಡುಗ ತನ್ನ ಹೆಜ್ಜೆಯನ್ನು ತಡೆದು ತಡೆದು ಅವನೊಡನೆ ನಡೆಯುತ್ತಾನೆ. ಗೆಳೆಯನ ಮನೆ ಸಿಗುವುದಿಲ್ಲ. ಮನೆಗೆ ಬಂದ ಹುಡುಗ ಉಣ್ಣದೆ ಕುಳಿತು ಗೆಳೆಯನ ಲೆಕ್ಕವನ್ನೂ ತಾನೇ ಬರೆಯುತ್ತಾನೆ. ಮರುದಿನ ಮೇಷ್ಟ್ರು ಆ ಪುಸ್ತಕ ತೆರೆದಾಗ ಹಾಳೆಗಳ ನಡುವೆ ಮುದುಕ ಕೊಟ್ಟಿದ್ದ ಒಂದು ಪುಟ್ಟ ಹೂವು ಒಣಗಿ ಕುಳಿತಿರುತ್ತದೆ. ಚಿತ್ರ ಮುಗಿಯುತ್ತದೆ. 1990ರ ಭೂಕಂಪದಲ್ಲಿ ಆ ಸೀಮೆ ನೆಲಸಮವಾದಾಗ, ಈ ಮಕ್ಕಳು ಬದುಕಿರುವರೋ ಇಲ್ಲವೋ ಎಂದು ಕಿಯಾರೊಸ್ತಮಿ ಹುಡುಕಿಕೊಂಡು ಹೋದರು. ಆ ಹುಡುಕಾಟವೇ ಅವರ ಇನ್ನೊಂದು ಚಿತ್ರಕ್ಕೆ ವಸ್ತುವಾಯಿತು. ಸಿನಿಮಾದೊಳಗೆ ಹುಡುಗನೊಬ್ಬ ಗೆಳೆಯನಿಗಾಗಿ ಓಡಿದ, ಹೊರಗೆ ನಿರ್ದೇಶಕರು ಆ ಹುಡುಗನಿಗಾಗಿ ಹೊರಟರು.

ಎರಡನೆಯದು ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್'. ರಾಯ್ ಅವರು ಲಂಡನ್ನಿನಲ್ಲಿ ನೋಡಿದ್ದು ಇದನ್ನೇ. 1948ರ ಈ ಚಿತ್ರದಲ್ಲಿ ರೋಮ್ ನಗರದ ನಿರುದ್ಯೋಗಿ ಆಂಟೋನಿಯೊಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಕೆಲಸ. ಸೈಕಲ್ ಅಡವಿನಲ್ಲಿದೆ. ಹೆಂಡತಿ ಮರಿಯಾ ಹಾಸಿಗೆಯ ಮೇಲಿನ ಹೊದಿಕೆಗಳನ್ನೆಲ್ಲ ಕಿತ್ತು ಗಂಟು ಕಟ್ಟಿ ಅಡವಿಡುತ್ತಾಳೆ. ಅಡವಿನಂಗಡಿಯ ನೌಕರ ಆ ಗಂಟನ್ನು ಹಿಡಿದು ಚಾವಣಿಯೆತ್ತರದ ಕಪಾಟನ್ನು ಹತ್ತುವಾಗ ಅಲ್ಲಿ ಅಂಥವೇ ಗಂಟುಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ನಗರದ ಬಡತನವನ್ನು ಹೇಳಲು ನಿರ್ದೇಶಕರಿಗೆ ಅಷ್ಟು ಸಾಕಾಯಿತು. ಕೆಲಸದ ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ತಂದೆ ಮತ್ತು ಪುಟ್ಟ ಮಗ ಬ್ರೂನೋ ರೋಮಿನ ಬೀದಿಬೀದಿ ಅಲೆಯುತ್ತಾರೆ. ಆಂಟೋನಿಯೊ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಆ ಮುಖದ ಆಯಾಸವನ್ನು ಯಾರೂ ಕಲಿಸಿಕೊಟ್ಟಿರಲಾರರು.

ಕಳ್ಳ ಕೊನೆಗೂ ಸಿಗುತ್ತಾನೆ. ಆದರೆ ಸಾಕ್ಷಿಯಿಲ್ಲ. ಪೊಲೀಸಿನವನೊಡನೆ ಅವನ ಮನೆಗೆ ಹೋದರೆ ಅದು ಒಂದೇ ಕೋಣೆ, ತಾಯಿ ಮಕ್ಕಳೆಲ್ಲ ಅದರಲ್ಲೇ. ಕಳ್ಳನೂ ಆಂಟೋನಿಯೊನಷ್ಟೇ ದರಿದ್ರ. ಆ ಹೊತ್ತಿನವರೆಗೆ ಕಳ್ಳನಿಗೆ ತಕ್ಕ ಶಾಸ್ತಿಯಾಗಲೆಂದು ಕಾಯುತ್ತಿದ್ದ ಪ್ರೇಕ್ಷಕನ ಸಿಟ್ಟು ಅಲ್ಲಿ ದಾರಿ ತಪ್ಪುತ್ತದೆ. ಮುಂದೆ ಹತಾಶನಾದ ಆಂಟೋನಿಯೊ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಜನ ಅವನನ್ನು ಎಳೆದಾಡುತ್ತಾರೆ. ಟೋಪಿ ನೆಲಕ್ಕೆ ಬೀಳುತ್ತದೆ. ಮಗ ಅಳುತ್ತ ಅದನ್ನು ಎತ್ತಿ ಧೂಳು ಕೊಡವುತ್ತಾನೆ. ಆ ಮಗುವಿನ ಮುಖ ಕಂಡ ಸೈಕಲಿನ ಯಜಮಾನ ದೂರು ಬೇಡವೆಂದು ಬಿಟ್ಟುಬಿಡುತ್ತಾನೆ. ತಂದೆಯ ಕಣ್ಣಲ್ಲಿ ನೀರು. ಬ್ರೂನೋ ಏನೂ ಹೇಳದೆ ತಂದೆಯ ಕೈ ಹಿಡಿಯುತ್ತಾನೆ. ತಂದೆಯ ಅವಮಾನವನ್ನು ಕಣ್ಣಾರೆ ಕಂಡ ಮಗ ಆ ಕೈಯನ್ನು ಹಿಡಿದ ಬಗೆಯನ್ನು, ಮಕ್ಕಳಿರುವ ನಿಮಗೆ ನಾನು ವಿವರಿಸಬೇಕಾಗಿಲ್ಲ. ಸಿನಿಮಾ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ನಲವತ್ತೈದು ಮಹತ್ವದ ಚಿತ್ರಗಳ ಒಂದು ಪಟ್ಟಿಯನ್ನು ಪ್ರಕಟಿಸಿತು. ಮಾನವ ಮೌಲ್ಯಗಳನ್ನು ಎತ್ತಿಹಿಡಿವ ಚಿತ್ರಗಳ ಸಾಲಿನಲ್ಲಿ ಅಲ್ಲಿ 'ಬೈಸಿಕಲ್ ಥೀವ್ಸ್' ಕೂಡ ಇದೆ.

ಮಧ್ಯಾಹ್ನದ ಬಿಡುವಿನಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು ಕುಳಿತಿದ್ದಾಗ ನನ್ನ ಮಗಳು ತನ್ನ ಅಜ್ಜಿಯನ್ನು ಆಟೋದಲ್ಲಿ ಕರೆತಂದಳು. ನನ್ನ ತಾಯಿಗೆ ಎಪ್ಪತ್ತನಾಲ್ಕು ವರ್ಷ. ಓದಿದ್ದು ಏಳನೆಯ ತರಗತಿ, ಇಂಗ್ಲಿಷ್ ಬಾರದು. ಮೂರನೆಯ ಚಿತ್ರಕ್ಕೆ ಅವರನ್ನು ಕರೆಸಿದ್ದು ನಾನೇ. ಜಪಾನಿನ ಆ ಚಿತ್ರ ವಯಸ್ಸಾದ ತಂದೆತಾಯಿಯರದೆಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಆಗ ಅದೇ ವಿಷಯ ಚರ್ಚೆಯಲ್ಲಿತ್ತು. ತಮ್ಮ ಟೊರಾಂಟೊದಲ್ಲಿ, ತಂಗಿ ದುಬೈಯಲ್ಲಿ, ತಾಯಿ ಮೈಸೂರಿನಲ್ಲಿ ನಮ್ಮೊಡನೆ. ಅಮ್ಮ ಆರು ತಿಂಗಳು ಅಲ್ಲಿರಲಿ, ಉಳಿದ ತಿಂಗಳು ಇಲ್ಲಿರಲಿ ಎಂದು ಫೋನಿನಲ್ಲಿ ಲೆಕ್ಕಾಚಾರ ನಡೆಯುತ್ತಿತ್ತು. ಮೂವರು ಮಕ್ಕಳಿಗೂ ತಾಯಿಯ ಮೇಲೆ ಪ್ರೀತಿ ಇರುವುದರಿಂದಲೇ ಆ ಲೆಕ್ಕ ಮುಗಿಯುತ್ತಿರಲಿಲ್ಲ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಲೆಕ್ಕ ನಡೆಯದ ಮನೆಗಳು ಎಷ್ಟಿವೆ, ನೀವೇ ಎಣಿಸಿ ನೋಡಿ.

ಯಸುಜಿರೊ ಓಜು ಅವರ 'ಟೋಕಿಯೊ ಸ್ಟೋರಿ' 1953ರ ಚಿತ್ರ. ಜಗತ್ತಿನ ಶ್ರೇಷ್ಠ ಚಿತ್ರ ಯಾವುದೆಂದು 2012ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ನಿರ್ದೇಶಕರನ್ನು ಕೇಳಿದಾಗ ಅವರು ಮೊದಲ ಸ್ಥಾನ ಕೊಟ್ಟದ್ದು ಇದಕ್ಕೆ. ಓಜು ಮದುವೆಯಾಗಲಿಲ್ಲ, ತಾಯಿ ತೀರಿಕೊಳ್ಳುವವರೆಗೂ ತಾಯಿಯೊಡನೆಯೇ ಬಾಳಿದರು. ಅವರ ಕ್ಯಾಮೆರಾ ಚಾಪೆಯ ಮೇಲೆ ಕುಳಿತವರ ಕಣ್ಣಿನ ಮಟ್ಟದಲ್ಲಿರುತ್ತದೆ. ಮನೆಗೆ ಬಂದ ನೆಂಟರೊಡನೆ ನಾವೂ ಕೆಳಗೆ ಕುಳಿತಂತೆ ಅನಿಸುವುದು ಅದರಿಂದಲೇ.

ಸಮುದ್ರ ತೀರದ ಒನೊಮಿಚಿ ಊರಿನ ವೃದ್ಧ ದಂಪತಿಗಳು ಮಕ್ಕಳನ್ನು ನೋಡಲು ರೈಲಿನಲ್ಲಿ ದೂರದ ಟೋಕಿಯೊಗೆ ಬರುತ್ತಾರೆ. ಹಿರಿಯ ಮಗ ವೈದ್ಯ. ಮಗಳು ಕೇಶಾಲಂಕಾರದ ಅಂಗಡಿ ನಡೆಸುತ್ತಾಳೆ. ಎಲ್ಲರಿಗೂ ಕೆಲಸದ ಒತ್ತಡ. ಭಾನುವಾರ ಊರು ತೋರಿಸಲು ಹೊರಟ ಮಗನನ್ನು ರೋಗಿಯ ಮನೆಯವರು ಬಂದು ಕರೆದೊಯ್ಯುತ್ತಾರೆ. ಕೊನೆಗೆ ಮಕ್ಕಳು ಹಣ ಒಟ್ಟುಗೂಡಿಸಿ ಹಿರಿಯರನ್ನು ಅತಾಮಿ ಎಂಬ ಬಿಸಿನೀರ ಬುಗ್ಗೆಗಳ ಊರಿಗೆ ಕಳಿಸುತ್ತಾರೆ. ಅಲ್ಲಿ ರಾತ್ರಿಯಿಡೀ ಗದ್ದಲ, ನಿದ್ದೆಯಿಲ್ಲ. ಬೇಗನೆ ಹಿಂದಿರುಗಿದರೆ ಮಗಳ ಮನೆಯಲ್ಲಿ ಅಂದು ಇಳಿದುಕೊಳ್ಳಲು ಜಾಗವಿಲ್ಲ. ಅವರಿಗೆ ನಿಜವಾದ ಆದರ ಸಿಗುವುದು ಯುದ್ಧದಲ್ಲಿ ಮಡಿದ ಮಗನ ವಿಧವೆ ನೊರಿಕೊಳ ಪುಟ್ಟ ಕೋಣೆಯಲ್ಲಿ. ಅತ್ತೆಮಾವಂದಿರು ಬಂದಾಗ ಅವಳು ಪಕ್ಕದ ಮನೆಯಿಂದ ಪಾನೀಯವನ್ನೂ ಬಟ್ಟಲನ್ನೂ ಕೇಳಿ ತರುತ್ತಾಳೆ. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಳ್ಳುತ್ತಾಳೆ. ಅಂತ್ಯಸಂಸ್ಕಾರ ಮುಗಿದ ಊಟದ ಹೊತ್ತಿನಲ್ಲೇ ಮಗಳು ತಾಯಿಯ ಇಂತಿಂಥ ಬಟ್ಟೆ ತನಗೆ ಬೇಕೆಂದು ಕೇಳುತ್ತಾಳೆ.

ಮೊದಲ ಹತ್ತು ನಿಮಿಷ ನಾನು ಅಮ್ಮನ ಕಿವಿಯಲ್ಲಿ ಮಾತುಗಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಅನಂತರ ಅವರು ನನ್ನ ಮೊಣಕೈಯನ್ನು ಮೆಲ್ಲನೆ ತಟ್ಟಿ, "ಸುಮ್ಮನಿರಪ್ಪಾ, ನನಗೆ ಗೊತ್ತಾಗುತ್ತೆ" ಎಂದರು. ಅಲ್ಲಿಂದ ಮುಂದೆ ಎರಡು ಗಂಟೆ ನಾನು ಬಾಯಿ ತೆರೆಯಲಿಲ್ಲ. ಮೊಮ್ಮಗನೊಡನೆ ಹುಲ್ಲಿನ ದಿಬ್ಬದಲ್ಲಿ ಕುಳಿತ ಅಜ್ಜಿ, ನೀನು ದೊಡ್ಡವನಾಗುವ ಹೊತ್ತಿಗೆ ನಾನಿರುತ್ತೇನೋ ಏನೋ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಾಗ, ಮೊಮ್ಮಗ ಅದನ್ನು ಗಮನಿಸದೆ ಆಡುತ್ತಿರುವಾಗ, ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಒಂದೂ ಅಕ್ಷರ ಓದದೆ ಅವರು ಎಲ್ಲವನ್ನೂ ಓದುತ್ತಿದ್ದರು.

ಚಹಾದ ವೇಳೆಯಲ್ಲಿ ಚರ್ಚೆ ಬಿಸಿಯೇರಿತು. ಒಬ್ಬ ತರುಣ ಆ ಮಗಳನ್ನು ಕಟುವಾಗಿ ಬೈದ. ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಅವನನ್ನು ತಡೆದರು. "ಅವರು ಕೆಟ್ಟ ಮಕ್ಕಳಲ್ಲಪ್ಪ. ದುಡಿಯುವ ಮಕ್ಕಳು. ಆ ಡಾಕ್ಟರು ಅಪ್ಪನಿಗೋಸ್ಕರ ಮನೆಯಲ್ಲೇ ಉಳಿದಿದ್ದರೆ ಆ ರೋಗಿಯ ಮನೆಯವರು ಏನೆನ್ನುತ್ತಿದ್ದರು?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಓಜು ಯಾರನ್ನೂ ಖಳರನ್ನಾಗಿಸುವುದಿಲ್ಲ. ಅಷ್ಟು ಪ್ರೀತಿ ತೋರಿದ ನೊರಿಕೊ ಕೂಡ, ತಾನು ಮಾವ ತಿಳಿದಷ್ಟು ಒಳ್ಳೆಯವಳಲ್ಲ, ಗಂಡನನ್ನು ನೆನೆಯದ ದಿನಗಳೂ ಉಂಟು ಎಂದು ಮಾವನ ಮುಂದೆ ಹೇಳಿಕೊಳ್ಳುತ್ತಾಳೆ. ಮಕ್ಕಳು ತಮ್ಮ ಬದುಕಿನ ಕಡೆಗೆ ಸರಿಯುವುದು, ಹಿರಿಯರು ಅದನ್ನು ತಿಳಿದೂ ನೋಯುವುದು, ಎರಡೂ ನಿಜ.

ಅಮ್ಮ ಚರ್ಚೆಯಲ್ಲಿ ಸೇರಲಿಲ್ಲ. ಚಹಾ ಆರಿಸಿಕೊಂಡು ಕುಡಿದು ಲೋಟ ಇಟ್ಟಮೇಲೆ ಒಂದೇ ಪ್ರಶ್ನೆ ಕೇಳಿದರು. "ಕೊನೇ ಮಗಳು ಮೇಷ್ಟ್ರಮ್ಮ ಅಲ್ಲವಾ? ಅವಳು ಶಾಲೆಗೆ ಹೋದಮೇಲೆ ಆ ಅಜ್ಜ ಹಗಲೆಲ್ಲ ಏನು ಮಾಡ್ತಾರೆ?" ಚಿತ್ರದ ಕೊನೆಯಲ್ಲಿ ಆ ವೃದ್ಧನೂ ನೆರೆಮನೆಯ ಹೆಂಗಸಿನೊಡನೆ ಇದೇ ಅರ್ಥದ ಮಾತಾಡುತ್ತಾನೆ, ಒಬ್ಬನೇ ಇದ್ದರೆ ಇನ್ನು ಹಗಲುಗಳು ಬಹಳ ಉದ್ದವಾಗುತ್ತವೆ ಎನ್ನುತ್ತಾನೆ. ಆ ಸಬ್‌ಟೈಟಲನ್ನು ಅಮ್ಮ ಓದಿರಲಿಲ್ಲ, ನಾನೂ ಹೇಳಿರಲಿಲ್ಲ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸೇರುವುದು ಸಂಜೆ ಆರಕ್ಕೆ. ಟೊರಾಂಟೊ, ದುಬೈ, ಮೈಸೂರು ಎಂದು ನಾವು ತಿಂಗಳುಗಳನ್ನು ಎಣಿಸುತ್ತಿದ್ದೆವು. ಅಮ್ಮ ಕೇಳಿದ್ದು ಒಂದು ಹಗಲಿನ ಬಗ್ಗೆ. ನಾನು ಆಗ ಉತ್ತರ ಕೊಡಲಿಲ್ಲ, ಕೊಡಬಹುದಾದ ಸುಲಭದ ಉತ್ತರ ಇರಲೂ ಇಲ್ಲ. ಅವರನ್ನು ಮಗಳೊಡನೆ ಆಟೋ ಹತ್ತಿಸಿ ನಾನು ಒಳಗೆ ಹೋದೆ.

ಕೊನೆಯ ಚಿತ್ರ ಬೆಲ್ಜಿಯಂ ದೇಶದ ಡಾರ್ಡೆನ್ ಸಹೋದರರು 2002ರಲ್ಲಿ ಮಾಡಿದ 'ದಿ ಸನ್', ಅಂದರೆ ಮಗ. ಓಲಿವಿಯೆ ಒಬ್ಬ ಬಡಗಿ. ದಾರಿ ತಪ್ಪಿದ ಹುಡುಗರಿಗೆ ಮರಗೆಲಸ ಕಲಿಸುವ ತರಬೇತಿ ಕೇಂದ್ರದ ಶಿಕ್ಷಕ. ಅಲ್ಲಿಗೆ ಫ್ರಾನ್ಸಿಸ್ ಎಂಬ ಹೊಸ ಹುಡುಗ ಬರುತ್ತಾನೆ. ಓಲಿವಿಯೆ ಅವನನ್ನು ಮೊದಲು ಬೇಡವೆನ್ನುತ್ತಾನೆ, ಆಮೇಲೆ ಸೇರಿಸಿಕೊಳ್ಳುತ್ತಾನೆ, ಅವನನ್ನು ಕದ್ದು ಕದ್ದು ಗಮನಿಸುತ್ತಾನೆ. ಕ್ಯಾಮೆರಾ ಬಹುಪಾಲು ಅವನ ಬೆನ್ನು, ಕತ್ತುಗಳ ಹಿಂದೆಯೇ ಇದ್ದು, ಮುಖದ ಭಾವವನ್ನು ನಮಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಿನ್ನೆಲೆ ಸಂಗೀತವಿಲ್ಲ. ಕೇಳುವುದು ಗರಗಸದ ಸದ್ದು, ಹಲಗೆಯ ಸದ್ದು, ಉಸಿರು. ಕಥೆ ಸ್ವಲ್ಪ ಸಾಗಿದಮೇಲೆ ನಮಗೆ ತಿಳಿಯುತ್ತದೆ. ಐದು ವರ್ಷಗಳ ಹಿಂದೆ ಓಲಿವಿಯೆಯ ಮಗುವನ್ನು ಕೊಂದವನು ಇದೇ ಫ್ರಾನ್ಸಿಸ್. ಆಗ ಅವನೂ ಬಾಲಕನೇ. ಕಾರಿನ ರೇಡಿಯೊ ಕದಿಯಲು ಹೋಗಿ ಒಳಗಿದ್ದ ಮಗು ಹಿಡಿದುಕೊಂಡಾಗ ನಡೆದದ್ದು. ಶಿಕ್ಷೆ ಮುಗಿಸಿ ಹೊರಬಂದಿದ್ದಾನೆ.

ಇವನಿಗೇಕೆ ಕೆಲಸ ಕಲಿಸುತ್ತೀಯೆ ಎಂದು ದೂರವಾಗಿರುವ ಹೆಂಡತಿ ಕಂಗೆಟ್ಟು ಕೇಳಿದರೆ, ಓಲಿವಿಯೆಗೆ ಕೊಡಲು ಉತ್ತರವಿಲ್ಲ, ತನಗೇ ತಿಳಿಯದೆನ್ನುತ್ತಾನೆ. ಸೇಡಿಗೋ, ಕ್ಷಮೆಗೋ, ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಈ ನಡುವೆ ಅವನು ಹುಡುಗನಿಗೆ ಏಣಿ ಹೊತ್ತು ನಡೆಯುವುದನ್ನು, ಮರದ ಜಾತಿ ಗುರುತಿಸುವುದನ್ನು, ಅಳತೆ ಮಾಡುವುದನ್ನು ಕಲಿಸುತ್ತಾನೆ. ದೂರವನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಕಸಬುಗಾರ ಅವನು. ಏನೂ ತಿಳಿಯದ ಹುಡುಗ ನೀವೇ ನನ್ನ ಪೋಷಕರಾಗುವಿರಾ ಎಂದು ಅವನನ್ನೇ ಕೇಳುತ್ತಾನೆ. ಕೊನೆಗೆ ಮರದ ಗೋದಾಮಿನಲ್ಲಿ, ಇಬ್ಬರೇ ಇದ್ದಾಗ, ನೀನು ಕೊಂದದ್ದು ನನ್ನ ಮಗನನ್ನು ಎಂದು ಓಲಿವಿಯೆ ಹೇಳುತ್ತಾನೆ. ಹುಡುಗ ಓಡುತ್ತಾನೆ. ಬೆನ್ನಟ್ಟಿ ಹಿಡಿದು ಕೆಡವಿದ ಓಲಿವಿಯೆಯ ಕೈ ಅವನ ಕುತ್ತಿಗೆಯ ಮೇಲೆ ಕೂರುತ್ತದೆ. ಆಮೇಲೆ ಆ ಕೈ ಸಡಿಲುತ್ತದೆ. ಅವನು ಎದ್ದು ಹೋಗಿ ಹಲಗೆಗಳನ್ನು ಗಾಡಿಗೆ ಹೇರತೊಡಗುತ್ತಾನೆ. ಸ್ವಲ್ಪ ಹೊತ್ತಿಗೆ ಹುಡುಗ ತಾನಾಗಿ ಬಂದು, ಮಾತಿಲ್ಲದೆ, ಒಂದು ಹಲಗೆ ಎತ್ತಿಕೊಳ್ಳುತ್ತಾನೆ. ಇಬ್ಬರೂ ಸೇರಿ ಹೊರೆ ಕಟ್ಟುತ್ತಾರೆ. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಓಲಿವಿಯೆ ಪಾತ್ರದ ನಟ ಓಲಿವಿಯೆ ಗುರ್ಮೆಗೆ ಆ ವರ್ಷ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಕ್ಷಮೆ ಎಂಬ ಪದ ನಮಗೆ ಚಿಕ್ಕಂದಿನಿಂದ ಪರಿಚಿತ. ಪ್ರತಿದಿನದ ಪ್ರಾರ್ಥನೆಯಲ್ಲಿ ಅದನ್ನು ಉಚ್ಚರಿಸುತ್ತೇವೆ. ಹಾಗೆ ಉಚ್ಚರಿಸಿ ಉಚ್ಚರಿಸಿ ಅದರ ಭಾರವನ್ನು ಮರೆಯುವುದೂ ಉಂಟು. ಈ ಚಿತ್ರದಲ್ಲಿ ಆ ಪದವನ್ನು ಯಾರೂ ಹಗುರವಾಗಿ ಆಡುವುದಿಲ್ಲ. ಬದಲಾಗಿ ಒಂದು ಕೈ ಕುತ್ತಿಗೆಯಿಂದ ಸಡಿಲುವುದನ್ನು, ಅದೇ ಕೈ ಮತ್ತೆ ಕೆಲಸಕ್ಕೆ ಮರಳುವುದನ್ನು ತೋರಿಸುತ್ತದೆ. ಅಷ್ಟು ಕಷ್ಟದ್ದು ಅದು, ಅಷ್ಟು ಸಾಧಾರಣವಾದದ್ದೂ ಹೌದು. ಆ ಹುಡುಗ ಹಲಗೆ ಎತ್ತಿಕೊಂಡಾಗ ಸಭಾಂಗಣದಲ್ಲಿ ಯಾರೂ ಅಲುಗಾಡಲಿಲ್ಲ. ದೀಪ ಹೊತ್ತಿದ ಮೇಲೂ ಕೆಲವು ಕ್ಷಣ ಹಾಗೆಯೇ ಕುಳಿತಿದ್ದರು.

ಓದುಗರೇ, ನಾಲ್ಕು ದೇಶಗಳ ಈ ನಾಲ್ಕು ಚಿತ್ರಗಳಿಗೆ ಭಾಷೆ, ಕಾಲ, ಧರ್ಮ ಯಾವುದರಲ್ಲೂ ಸಾಮ್ಯವಿಲ್ಲ. ಆದರೂ ನಾಲ್ಕೂ ಪ್ರೇಕ್ಷಕನ ಮೇಲೆ ಮಾಡುವ ಕೆಲಸ ಒಂದೇ. ಕಿವಿಗೊಡದ ತಾಯಿ, ಸೈಕಲ್ ಕದ್ದವನು, ಬಟ್ಟೆ ಕೇಳಿದ ಮಗಳು, ಮಗುವನ್ನು ಕೊಂದ ಹುಡುಗ. ಇವರನ್ನು ಕುರಿತು ಪತ್ರಿಕೆಯಲ್ಲಿ ನಾಲ್ಕು ಸಾಲು ಓದಿದ್ದರೆ ನಮ್ಮ ತೀರ್ಪು ಕ್ಷಣದಲ್ಲಿ ಸಿದ್ಧವಾಗಿರುತ್ತಿತ್ತು. ಚಿತ್ರಗಳು ಆ ತೀರ್ಪನ್ನು ಎರಡು ಗಂಟೆ ಮುಂದೂಡುತ್ತವೆ. ಆ ಎರಡು ಗಂಟೆಗಳಲ್ಲಿ ಅವರ ಮನೆ, ಅವರ ಕೈಕೆಲಸ, ಅವರ ದಣಿವು ಕಾಣುತ್ತದೆ. ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಆದರೆ ತಪ್ಪು ಮಾಡಿದವನು ಮನುಷ್ಯನಾಗಿ ಕಾಣಿಸತೊಡಗುತ್ತಾನೆ. ಮೊಬೈಲಿನ ಮೂವತ್ತು ಸೆಕೆಂಡುಗಳ ತುಣುಕು ನೋಡಿ ಯಾರ ಮೇಲಾದರೂ ಕಲ್ಲೆಸೆಯಲು ಸಿದ್ಧವಾಗುವ ಈ ದಿನಗಳಲ್ಲಿ ಈ ಅಭ್ಯಾಸ ಸಣ್ಣದಲ್ಲ.

ನಾವು ಲೋಕವನ್ನು ನೋಡುವಂತೆ ಲೋಕವೂ ನಮ್ಮನ್ನು ನೋಡುತ್ತದೆ. ಗಿರೀಶ್ ಕಾಸರವಳ್ಳಿ ಅವರು 1977ರಲ್ಲಿ ಮಾಡಿದ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಅದೇ ವರ್ಷ ಮೈಸೂರಿನವರಾದ ಚಿದಾನಂದ ಎಸ್. ನಾಯ್ಕ ಅವರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಎಂಬ ಕಿರುಚಿತ್ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಊರಿನ ಕೋಳಿಯನ್ನು ಮುದುಕಿಯೊಬ್ಬಳು ಕದ್ದೊಯ್ದುದರಿಂದ ಸೂರ್ಯನೇ ಹುಟ್ಟದೆ ಹೋದ ಕನ್ನಡ ಜನಪದ ಕಥೆ ಅದರ ಮೂಲ. ಫ್ರಾನ್ಸಿನ ಸಭಾಂಗಣದಲ್ಲಿ ಯಾರೋ ಸಬ್‌ಟೈಟಲ್ ಓದುತ್ತ ನಮ್ಮ ಹಳ್ಳಿಯ ಮುದುಕಿಯ ಮುಖವನ್ನು ನೋಡಿದ್ದಾರೆ.

ಇನ್ನು ನಮ್ಮ ಕುಟುಂಬಗಳ ಮಾತು. ಇಂಥ ಚಿತ್ರ ನೋಡಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ತಿಂಗಳಿಗೊಮ್ಮೆ ಒಂದು ಭಾನುವಾರ ಸಂಜೆ ಮನೆಮಂದಿಯೆಲ್ಲ ಕುಳಿತು ಒಂದು ಚಿತ್ರ ನೋಡಬಹುದು. ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಇರಾನಿನ ಹುಡುಗನ ಚಿತ್ರವನ್ನು ಮಕ್ಕಳೊಡನೆ ನಿಶ್ಚಿಂತೆಯಿಂದ ನೋಡಬಹುದು. 'ದಿ ಸನ್' ಪ್ರೌಢ ವಯಸ್ಸಿನವರಿಗೆ ಇರಲಿ. ಇಂಗ್ಲಿಷ್ ಬಾರದ ಹಿರಿಯರಿದ್ದರೆ ಆರಂಭದ ಸ್ವಲ್ಪ ಭಾಗ ಅವರಿಗೆ ಕನ್ನಡದಲ್ಲಿ ಹೇಳಿರಿ. ಅವರು ಸಾಕೆಂದಾಗ ನಿಲ್ಲಿಸಿರಿ. ಧರ್ಮಕೇಂದ್ರದ ಸಭಾಂಗಣದಲ್ಲಿ ಯುವಜನರು ಪ್ರದರ್ಶನ ಏರ್ಪಡಿಸುವುದಾದರೆ ಚಿತ್ರದ ಹಕ್ಕುದಾರರ ಅನುಮತಿ ಪಡೆಯುವುದನ್ನು ಮರೆಯಬೇಡಿ. ಚಿತ್ರ ಮುಗಿದೊಡನೆ ನೀತಿ ಏನೆಂದು ಮಕ್ಕಳನ್ನು ಕೇಳುವುದು ಬೇಡ. ಯಾವ ಮುಖ ನೆನಪಿನಲ್ಲಿ ಉಳಿಯಿತು ಎಂದು ಕೇಳಿರಿ. ಮಾತು ತಾನಾಗಿ ಹುಟ್ಟುತ್ತದೆ.

ಅಮ್ಮನ ವಿಷಯ ಏನಾಯಿತೆಂದು ನೀವು ಕೇಳಬಹುದು. ಮುಂದಿನ ಭಾನುವಾರ ಟೊರಾಂಟೊದಿಂದ ಫೋನು ಬಂದಾಗ ಅವರು ತಮ್ಮನಿಗೆ ಆ ಜಪಾನಿನ ಅಜ್ಜಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ, ತಾವು ಕಂಡಂತೆ, ಹೇಳಿದರು. ಕೆಲವು ವಿವರಗಳು ಬದಲಾಗಿದ್ದವು. ನೊರಿಕೊ ಅವರ ಬಾಯಲ್ಲಿ "ಆ ಚಿಕ್ಕ ಸೊಸೆ" ಆಗಿದ್ದಳು. ತಮ್ಮ ಆ ಕಡೆ ಬಹಳ ಹೊತ್ತು ಸುಮ್ಮನೆ ಕೇಳಿದ. ಮಾತು ಮುಗಿಸುವ ಮುನ್ನ ಅಮ್ಮ ತಾವೇ ತೀರ್ಮಾನ ಹೇಳಿದರು. ಬೇಸಿಗೆಯಲ್ಲಿ ಎರಡು ತಿಂಗಳು ಮೊಮ್ಮಕ್ಕಳನ್ನು ನೋಡಿ ಬರುತ್ತಾರಂತೆ, ಉಳಿದ ಕಾಲ ಮೈಸೂರು. ಹಗಲಿನ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಈಗ ನನ್ನ ಹೆಂಡತಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರಿಗೆ ಫೋನು ಮಾಡುತ್ತಾಳೆ, ಬುಧವಾರಗಳಂದು ಪಕ್ಕದ ಬೀದಿಯ ಅವರ ಓರಗೆಯ ಇಬ್ಬರು ಮನೆಗೆ ಬಂದು ಕುಳಿತು ಹೋಗುತ್ತಾರೆ. ಉಳಿದ ದಿನಗಳು ಇನ್ನೂ ಉದ್ದವಾಗಿಯೇ ಇವೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಅಂಥ ಉದ್ದದ ಹಗಲು ಯಾರದಿರಬಹುದು? ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಂದು ಗಳಿಗೆ ಯೋಚಿಸಿ ನೋಡಿ.